ಏಳನೇ ಹೆಸರು

ನಮ್ಮ ಮಾವ ಉಚ್ಚೆಂಗೆಪ್ಪನ ದನಿ ಮುಳ್ಳಹಾಳಿನ ಎಂಟು ಮೂಲೆಗೂ ಕೇಳುತ್ತಿತ್ತು. ಆದರೆ ಮೂವತ್ತು ವರ್ಷ ಕೂಗಿದ ಆ ಕೂಗಿನಲ್ಲಿ ಅವನ ಸ್ವಂತದ ಮಾತು ಒಂದೂ ಇರಲಿಲ್ಲ. ಕಂದಾಯ ಕಟ್ಟಿರಿ ಎಂದರೆ ಅದು ಊರ ಲೆಕ್ಕ ಬರೆಯುವ ಕರಣಮರ ಮಾತು. ದನ ಬೆಳೆಗೆ ಬಿಡಬೇಡಿ ಎಂದರೆ ಅದು ಗೌಡರ ಮಾತು. ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿರಿ ಎಂದರೆ ಅದು ಸಿರುಗುಪ್ಪದಿಂದ ಬಂದ ಸರಕಾರದ ಮಾತು. ಮಾವನದು ಬಡಿಯುವ ಚರ್ಮದ ಹಲಗೆ ಮಾತ್ರ, ಗಂಟಲು ಮಾತ್ರ. ಡಂಗುರ ಸಾರುವ ಆ ಕೆಲಸಕ್ಕೆ ಊರು ಕೊಡುತ್ತಿದ್ದದ್ದು ಆಯ. ಅಂದರೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಮೊರ ಜೋಳ. ವರ್ಷದಲ್ಲಿ ಎಂಟು ತಿಂಗಳು ನಮ್ಮ ಮನೆಯ ರೊಟ್ಟಿ ಆ ಜೋಳದ್ದೇ.

ನಾನು ಕುರುಗೋಡಿನಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ದೇಶದ ಮೊದಲ ದೊಡ್ಡ ಓಟು ಮುಗಿದ ಬೇಸಿಗೆಯಲ್ಲಿ. ಆಗಿನ್ನೂ ಬಳ್ಳಾರಿ ಮದರಾಸಿಗೆ ಸೇರಿತ್ತು. ನನ್ನ ಹೆಸರು ಹಂಪಕ್ಕ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೆ. ಆ ಜಂಬ ನನಗೆ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಹನುಮಮ್ಮ ಮೊದಲ ದಿನವೇ ಅದನ್ನು ಇಳಿಸಿದಳು.

"ಓದಾಕ ಬರತೈತಂತ? ಬರಲಿ ಬಿಡು. ರೊಟ್ಟಿ ಬಡಿಯಾಕ ಬರತೈತೇನು, ಅದ ಹೇಳು."

ಅತ್ತೆಯ ನಾಲಿಗೆ ಎಂದರೆ ಹಸಿಮೆಣಸಿನಕಾಯಿ. ಊರಿನಲ್ಲಿ ಯಾರಿಗೂ ಅದು ಹೆದರಿದ್ದಿಲ್ಲ. ಒಂದು ವಿಷಯದಲ್ಲಿ ಮಾತ್ರ ಕಟ್ಟಿಹಾಕಿದ ಹಾಗೆ ನಿಲ್ಲುತ್ತಿತ್ತು. ಅದು ಗಂಡನ ಹೆಸರು. ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಕರೆಯಬೇಕಾದರೆ "ಏ, ಕೇಳಿಲ್ಲೆ." ಬೇರೆಯವರ ಮುಂದಾದರೆ "ನಮ್ಮ ಮಾರೆಣ್ಣನ ಅಪ್ಪ." ಮಾರೆಣ್ಣ ಎಂದರೆ ನನ್ನ ಗಂಡ. ಅವನು ಸಿರುಗುಪ್ಪದ ಕಡೆ ಹೊಸ ಕಾಲುವೆ ಅಗೆಯುವ ಕೂಲಿಗೆ ಹೋಗುತ್ತಿದ್ದ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದ.

ಆ ಮಳೆಗಾಲದಲ್ಲಿ ಹೊಸ ಪಂಚಾಯ್ತಿಯ ಓಟಿನ ಪಟ್ಟಿ ಬರೆಯಲು ಗುಮಾಸ್ತನೊಬ್ಬ ನಮ್ಮ ಕೇರಿಗೆ ಬಂದ. ನಮ್ಮ ಬಾಗಿಲಲ್ಲೇ ಅವನ ಅರ್ಧ ಹೊತ್ತು ಹೋಯಿತು.

"ಗಂಡನ ಹೆಸರೇನಮ್ಮ?"

"ಅದನ್ನ ಹೆಂಗ ಹೇಳ್ಲಿರೀ?"

"ಬಾಯಿಲೆ ಹೇಳು."

"ಉಚ್ಚಂಗಿ ಗುಡ್ಡದಾಗ ಒಬ್ಬಾಕಿ ದೇವ್ರು ಅದಾಳಲ್ರೀ, ಆಕಿ ಹೆಸರಿಟ್ಟಾರ."

"ಉಚ್ಚೆಂಗೆಮ್ಮ ಅಂತ ಬರಕಳ್ಳೇನು?"

"ಅಯ್ಯ ನಿನ್ನ! ಗಂಡಸಿಗೆ ಅಮ್ಮ ಅಂತಾರೇನ್ರೀ?"

ಗುಮಾಸ್ತ ಪೆನ್ಸಿಲು ಕಚ್ಚಿಕೊಂಡು ಕುಳಿತ. ಕೊನೆಗೆ ಎದುರುಮನೆಯ ಗಾದೆಪ್ಪ ನಗುತ್ತ ಬಂದು ಹೆಸರು ಹೇಳಿ ಅವನನ್ನು ಬಿಡಿಸಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗೆ ನಗು ತಡೆಯಲಾಗಲಿಲ್ಲ. ಅದಕ್ಕೆ ಎರಡು ದಿನ ಅತ್ತೆ ನನ್ನೊಡನೆ ಮಾತು ಬಿಟ್ಟಳು.

ಹೊಸ ಕಾನೂನಿನ ಪ್ರಕಾರ ನಮ್ಮ ಊರಿಗೆ ಏಳು ಮಂದಿ ಮೆಂಬರು. ಅದರಲ್ಲಿ ಒಂದು ಜಾಗ ನಮ್ಮ ಕೇರಿಯವರಿಗೇ ಎಂದಾಯಿತು. ಗೌಡ ಮರಿಬಸಪ್ಪ ಸ್ವತಃ ಕೇರಿಯ ಅಂಚಿನವರೆಗೆ ಬಂದು ಮಾವನನ್ನು ಕರೆಸಿದರು.

"ಲೇ ಉಚ್ಚೆಂಗ, ನಿನ್ನ ಹೆಸರ ಬರೆಸೀನಿ. ನೀನು ಸಂಭಾವಿತ ಮನುಷ್ಯಾ. ನೀನೇನೂ ಮಾಡೂದು ಬ್ಯಾಡ. ಹೆಬ್ಬೆಟ್ಟು ಒತ್ತು ಅಂದಾಗ ಒತ್ತಿದ್ರ ಮುಗೀತು."

"ನಿಮ್ಮ ಮಾತು ಧಣಿ," ಎಂದು ಮಾವ ಕೈಮುಗಿದು ಬಂದ.

ಎದುರು ಯಾರೂ ನಿಲ್ಲಲಿಲ್ಲ. ಹಾಗೆ ನಮ್ಮ ಮಾವ ಮೆಂಬರಾದ. ನಾನು ಕುಣಿಯುವುದೊಂದು ಬಾಕಿ. ಅತ್ತೆ ಮಾತ್ರ ಒಲೆಯ ಮುಂದೆ ಕುಳಿತು ಗೊಣಗಿದಳು.

"ಗೌಡ ತಾನಾಗೇ ಕೊಟ್ಟಾನಂದ್ರ ಅದರಾಗೇನೋ ಐತಿ. ಕೋಳಿಗೆ ಕಾಳು ಸುಮ್ಮನ ಹಾಕತಾರೇನು?"

ಶನಿವಾರ ಮಾರೆಣ್ಣ ಬಂದವನು ಕಾಲು ತೊಳೆಯುವ ಮೊದಲೇ ಶುರುಮಾಡಿದ. "ಯಪ್ಪಾ, ನೀನು ಬಾವಿ ಕೇಳು. ಕೇರಿಗೆ ಒಂದು ಬಾವಿ. ಪಂಚಾಯ್ತಿ ಬರೆದು ಕಳಿಸಿದ್ರ ಸರಕಾರ ತೋಡಿಸಿ ಕೊಡತೈತಂತ. ನಮ್ಮ ಕಾಲುವಿ ಕೆಲಸದ ಮೇಸ್ತ್ರಿ ಹೇಳಿದ. ಒಬ್ಬ ಮೆಂಬರು ಸಭಾದಾಗ ಬಾಯಿಬಿಟ್ಟು ಕೇಳಬೇಕಷ್ಟ."

ಬಾವಿ ಎಂದ ಕೂಡಲೇ ಅತ್ತೆಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅವಳ ದಿನದಲ್ಲಿ ಎರಡು ತಾಸು ನೀರಿಗೇ ಹೋಗುತ್ತಿತ್ತು. ಊರಬಾವಿಗೆ ನಮ್ಮವರು ಕೊಡ ಇಳಿಸುವ ಹಾಗಿರಲಿಲ್ಲ. ಕಟ್ಟೆಯಿಂದ ಹತ್ತು ಮಾರು ದೂರ ಖಾಲಿ ಕೊಡ ಇಟ್ಟುಕೊಂಡು ನಿಲ್ಲಬೇಕು. ಸೇದುವವರಲ್ಲಿ ಯಾರಿಗಾದರೂ ಕರುಣೆ ಬಂದರೆ ಎತ್ತರದಿಂದ ಸುರಿಯುತ್ತಾರೆ, ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. ಯಾರ ಮುಂದೆಯೂ ತಲೆ ತಗ್ಗಿಸದ ನನ್ನ ಅತ್ತೆ ಅಲ್ಲಿ ಮಾತ್ರ "ಯವ್ವಾ, ಒಂದು ಕೊಡ ಹಾಕವ್ವಾ" ಎಂದು ನಿಲ್ಲುವುದನ್ನು ನಾನು ದಿನಾ ನೋಡುತ್ತಿದ್ದೆ.

"ಕೇಳತೀಯಾ?" ಎಂದು ಅತ್ತೆ ಗಂಡನ ಕಡೆ ನೋಡಿದಳು.

"ಕೇಳತೀನಿ," ಎಂದ ಮಾವ. ಅವತ್ತು ಅತ್ತೆ ಅವನ ರೊಟ್ಟಿಗೆ ಕೇಳದೇ ಶೇಂಗಾ ಎಣ್ಣೆ ಬಿಟ್ಟಳು.

ದೀಪಾವಳಿ ಕಳೆದ ಮೇಲೆ ಮೊದಲ ಸಭೆ. ಅದರ ಡಂಗುರವನ್ನೂ ಮಾವನೇ ಸಾರಬೇಕು, ಇನ್ಯಾರಿದ್ದಾರೆ? ಅತ್ತೆ ಎಂದಿನ ಹಾಗೆ ಹಲಗೆಯನ್ನು ಬೆಂಕಿಗೆ ಹಿಡಿದು ಕಾಸಿದಳು, ಚರ್ಮ ಬಿಗಿಯಾಯಿತೋ ಇಲ್ಲವೋ ಎಂದು ಬೆರಳಿನಿಂದ ಬಡಿದು ನೋಡಿ ಕೈಗೆ ಕೊಟ್ಟಳು. ಮೂವತ್ತು ವರ್ಷದಿಂದ ಆ ಕೆಲಸ ಅವಳದು. ಮಾವ ಕೂಗುತ್ತ ಹೊರಟ. ನಾನು ಸಗಣಿ ತಟ್ಟುತ್ತ ಕೇಳಿಸಿಕೊಂಡೆ.

"ಕೇಳ್ರಪ್ಪೋ ಕೇಳ್ರೀ! ಇವತ್ತು ಚಾವಡಿಯಾಗ ಹೊಸ ಪಂಚಾಯ್ತಿ ಕೂಡತೈತ್ರಪ್ಪೋ! ಗೌಡ ಮರಿಬಸಪ್ಪನೋರು ಬರ್ರೀ! ಉಜ್ಜಿನಪ್ಪನೋರು ಬರ್ರೀ..."

ಹೀಗೆ ಆರು ಮೆಂಬರರ ಹೆಸರನ್ನೂ ಗೌರವದಿಂದ ಕೂಗಿದ. ಏಳನೆಯದಕ್ಕೆ ಬಂದಾಗ ದನಿ ಇಳಿಯಿತು.

"...ಮತ್ತ ಇನ್ನೊಬ್ರು ಬರ್ರೀ!"

ತನ್ನ ಹೆಸರು ತಾನೇ ಕೂಗಿಕೊಳ್ಳಲು ಅವನಿಗೆ ನಾಚಿಕೆ. ನನಗೆ ಅಯ್ಯೋ ಎನಿಸಿತು.

ಸಂಜೆ ಮಾವ ನಗುತ್ತಲೇ ಬಂದ. "ಕರಣಮರು ಎಲ್ಲಾರ ಹೆಸರು ಕರದ್ರು. ನಂದೂ ಕರದ್ರು. ಅದೀನ್ರೀ ಅಂದೆ."

"ಬಾವಿ ಕೇಳಿದ್ಯಾ?" ಅತ್ತೆಯದು ಒಂದೇ ಪ್ರಶ್ನೆ.

"ಮುಂದಿನ ಸರ್ತಿ ಕೇಳಿದ್ರಾತು. ಮೊದಲನೇ ದಿನ ಚೆಂದಲ್ಲ."

ನನಗೆ ಅನುಮಾನ ಬಂತು. "ಮಾವ, ಒಳಗ ಎಲ್ಲಿ ಕುಂತಿದ್ರಿ?"

"ಒಳಗ್ಯಾಕ? ಚಾವಡಿ ಮುಂದ ಬೇವಿನಗಿಡ ಇಲ್ಲೇನು? ಅದರ ಬುಡಕ. ಕರದ್ರ ಓ ಅನ್ನೂ ದೂರ."

ಮಾವನ ಲೆಕ್ಕದಲ್ಲಿ ಹಾಜರಿರುವುದು ಎಂದರೆ ಅದೇ. ಹುಟ್ಟಿದಾಗಿನಿಂದ ಅವನು ಚಾವಡಿಗೆ ಹಾಜರಾದದ್ದು ಬೇವಿನ ಬುಡದಲ್ಲೇ. ಮೇಲಿನ ಮೂರು ಮೆಟ್ಟಿಲು ಅವನಿಗೆ ಮೆಟ್ಟಿಲುಗಳೇ ಅಲ್ಲ, ಗೋಡೆ. ಮೆಂಬರಾದ ಮೇಲೆ ಒಳಗೆ ಹೋಗಿ ಕೂರಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಗೌಡರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆರಿಸಿದ್ದು ಎಂದು ನಮಗೆ ತಿಳಿಯಲು ಇನ್ನೂ ಒಂದು ತಿಂಗಳು ಬೇಕಾಯಿತು.

ಎರಡನೇ ಸಭೆಗೆ ಮಾರೆಣ್ಣ ಹಟ ಹಿಡಿದು ಒಳಗೇ ಕೂರಬೇಕೆಂದು ಹೇಳಿ ಹೋಗಿದ್ದ. ಮಾವ ತೊಳೆದ ಧೋತರ ಉಟ್ಟು ತಯಾರಾದ. ಅಷ್ಟರಲ್ಲಿ ಕರಣಮರಿಂದ ಹೇಳಿಕೆ ಬಂತು. ಇನ್ನು ಮುಂದೆ ಡಂಗುರ ಬೆಳಿಗ್ಗೆ ಬೇಡ, ಸಭೆ ಕೂಡುವ ಹೊತ್ತಿಗೇ ಸಾರಬೇಕು. ಎಂಟು ಮೂಲೆ ಸುತ್ತಿ ಮಾವ ಚಾವಡಿಗೆ ಬರುವಷ್ಟರಲ್ಲಿ ಸಭೆ ಮುಗಿದು ಜಮಖಾನ ಮಡಿಚಿದ್ದರು.

"ಅಯ್ಯ, ಹೋತಲ್ಲ," ಎಂದು ಮಾವ ಮನೆಗೆ ಬಂದು ಹಲಗೆ ಗೂಟಕ್ಕೆ ಹಾಕಿದ. ಅತ್ತೆ ಬಡಿಸಿದ ಸಂಗಟಿ ಮುದ್ದೆ ಮುಟ್ಟದೇ ಎದ್ದ.

ಆ ವಾರ ನಾನು ತವರಿಗೆ ಹೋದೆ. ಕುರುಗೋಡಿಗೆ ನನ್ನ ಸೋದರಮಾವ ಚಿನ್ನಪ್ಪನೂ ಬಂದಿದ್ದ. ಅವನು ಬಳ್ಳಾರಿಯ ಒಂದು ಕಚೇರಿಯಲ್ಲಿ ಜವಾನ. ಕಾಗದ ಹೊತ್ತು ಹೊತ್ತೇ ಅರ್ಧ ವಕೀಲನಾಗಿದ್ದ. ನಾನು ಮನೆಯ ಕಥೆ ಹೇಳಿದೆ. ಅವನ ಮುಖದ ನಗು ಹೋಯಿತು.

"ಹಾಜರಿ ಪುಸ್ತಕದಾಗ ಏನು ಬರದಾರ?"

"ಅದೀನ್ರೀ ಅಂದಾನಲ್ಲ ಮಾವ."

"ಗಿಡದ ಬುಡಕ ನಿಂತು ಅಂದ್ರ ಬರಕಂತಾರೇನು? ಗೈರುಹಾಜರು ಅಂತ ಬರದಿರತಾರ." ಅವನು ಚೀಲದಿಂದ ತೆಲುಗಿನಲ್ಲಿ ಅಚ್ಚಾದ ಪಂಚಾಯ್ತಿ ಕಾನೂನಿನ ಪುಸ್ತಕ ತೆಗೆದು, ಬೆರಳಿಟ್ಟು ಓದಿ ಹೇಳಿದ. "ಕೇಳು. ಒಂದರ ಹಿಂದ ಒಂದು ಮೂರು ಸಭಾ ತಪ್ಪಿಸಿದ್ರ ಮೆಂಬರ್‌ಗಿರಿ ಹೋತು. ಎರಡು ಹೋಗ್ಯಾವ. ಮೂರನೇದು ಹೋದ್ರ ನಿಮ್ಮ ಕೇರಿಗೆ ಸೀಟೂ ಇಲ್ಲ, ಬಾವೀನೂ ಇಲ್ಲ. ಗೌಡ ತನಗ ಬೇಕಾದವನ್ನ ಇನ್ನೊಬ್ಬನ್ನ ತರತಾನ."

ನಾನು ನಾಲ್ಕು ದಿನ ಇರಬೇಕೆಂದು ಹೋದವಳು ಮರುದಿನವೇ ಗಾಡಿ ಹತ್ತಿದೆ.

ನಾನು ಹೇಳಿದ್ದನ್ನು ಕೇಳುತ್ತ ಮಾವ ಗೂಟದ ಮೇಲಿನ ಹಲಗೆಯ ಧೂಳು ಒರೆಸಿದ. ಶನಿವಾರ ಮಾರೆಣ್ಣ ಬಂದ ಮೇಲೆ ಮನೆ ರಣರಂಗವಾಯಿತು.

"ಹಲಗಿ ಒಲಿಗೆ ಹಾಕು ಯಪ್ಪಾ! ಅದ ನಿನ್ನನ್ನ ಹಿಡಕಂಡೈತಿ. ಮೆಂಬರು ತಾನ ಡಂಗುರ ಹೊಡಿತಾನಂದ್ರ ಯಾರು ಕಿಮ್ಮತ್ತು ಕೊಡತಾರ?"

"ಒಲಿಗೆ ಹಾಕ್ತಾನಂತ!" ಅತ್ತೆ ಎದ್ದು ನಿಂತಳು. "ಆ ಹಲಗಿನ ನಿನಗ ಮೊಲಿಹಾಲಿನ ಮ್ಯಾಲ ರೊಟ್ಟಿ ಹಾಕಿದ್ದು. ನಿನ್ನ ಕಾಲುವಿ ಇವತ್ತು ಐತಿ, ನಾಳಿ ಮುಗೀತೈತಿ. ಆಮ್ಯಾಲ ಮಣ್ಣು ತಿಂತೀಯೇನು?"

"ಹಂಗಾರ ಬಾವಿ ಬ್ಯಾಡೇನವ್ವಾ ನಿನಗ?"

"ಬ್ಯಾಡ ಅಂದ್ನೇನು? ನನ್ನ ಸೊಂಟ ಕೇಳು, ಬೇಕೋ ಬ್ಯಾಡೋ ಅದ ಹೇಳತೈತಿ."

"ಇಬ್ರೂ ಸುಮ್ಕಿರ್ರಿ," ಎಂದ ಮಾವ. ಅವನು ದನಿ ಏರಿಸಿದ್ದನ್ನು ಮನೆಯೊಳಗೆ ನಾನು ಕೇಳಿದ್ದು ಅದೇ ಮೊದಲು. "ನಾಳಿ ಗೌಡ್ರನ್ನ ಕೇಳತೀನಿ. ಡಂಗುರ ಮುಂಜಾನಿ ಸಾರತೀನಿ, ಸಭಾಕ ಒಳಗ ಬರತೀನಿ ಅಂತ ಕೇಳತೀನಿ."

ಕೇಳಿದ. ಗೌಡರ ಕಣದಲ್ಲಿ ಜೋಳದ ತೆನೆ ತುಳಿಸುತ್ತಿದ್ದರು. ನಾನೂ ಅತ್ತೆಯೂ ಅಲ್ಲೇ ಹೊಟ್ಟು ತೂರುವ ಕೆಲಸಕ್ಕೆ ಹೋಗಿದ್ದೆವು, ಹಾಗಾಗಿ ಇದು ನನ್ನ ಕಿವಿಯಿಂದಲೇ ಕೇಳಿದ್ದು. ಗೌಡರು ಸಿಟ್ಟು ಮಾಡಲಿಲ್ಲ. ನಗುತ್ತಲೇ ಅಂದರು.

"ನ್ಯಾಯ ನೀನ ಹೇಳು ಉಚ್ಚೆಂಗ. ಮೆಂಬರು ಅಂದ್ರ ಊರಿನ ಧಣಿ. ಹಲಗಿಯವ ಅಂದ್ರ ಊರಿನ ಆಳು. ಆಯ ಬೇಕಾದ್ರ ಹಲಗಿ ಹಿಡಿ. ಮೆಂಬರ್‌ಗಿರಿ ಬೇಕಾದ್ರ ಒಳಗ ಬಂದು ಕುಂದ್ರು, ನಾನೇನು ಬ್ಯಾಡ ಅಂದೆನೇನು? ಆದ್ರ ಎರಡೂ ಒಬ್ಬನಿಗೆ ಸಲ್ಲವು."

ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಮಾತು ಬೆಣ್ಣೆಯ ಹಾಗಿತ್ತು. ಒಳಗೆ ಚೂರಿ ಇತ್ತು. ರಾಶಿಯ ಹತ್ತಿರ ಕುಳಿತಿದ್ದ ಗೌಡರ ತಾಯಿ ಚನ್ನಬಸಮ್ಮ ಮಾತ್ರ ಮಗನನ್ನು ಒಮ್ಮೆ ನೋಡಿ ಮತ್ತೆ ಕಾಳು ಆರಿಸತೊಡಗಿದಳು. ಅತ್ತೆ ಹೊಟ್ಟು ತೂರುತ್ತಲೇ ಇದ್ದಳು. ಹನುಮಮ್ಮ ಸುಮ್ಮನಿದ್ದಾಳೆ ಎಂದರೆ ನನಗೆ ಹೆದರಿಕೆಯೇ ಆಯಿತು.

ಅವತ್ತಿನ ಊಟದಲ್ಲಿ ಪುಂಡಿಪಲ್ಯ ಇತ್ತು, ಮಾವನಿಗೆ ಪ್ರಾಣ ಅದು. ಎರಡು ತುತ್ತಿಗೆ ಸಾಕು ಎಂದ.

"ಬಿಟ್ಟುಬಿಡತೀನಿ," ಎಂದ. "ಮೆಂಬರ್‌ಗಿರಿ ಬಿಟ್ಟುಬಿಡತೀನಿ. ಖರೇ ಹೇಳಬೇಕಂದ್ರ ಡಂಗುರ ಇಲ್ಲಂದ್ರೂ ನನ್ನ ಕಾಲು ಆ ಮೆಟ್ಟಲ ಮ್ಯಾಲ ಏಳಂಗಿಲ್ಲ. ಎರಡನೇ ಸಭಾ ದಿನ ಜಮಖಾನ ಮಡಿಚಿದ ಮ್ಯಾಲ ಹೋಗಿ ನಿಂತೆ. ಏಳಲಿಲ್ಲ."

ಮಾರೆಣ್ಣ ಕೈ ತೊಳೆದು ಹೊರಗೆ ಹೋದ. ನನಗೆ ಅಳು ಬಂತು. ಅತ್ತೆ ಮಿಕ್ಕ ಪಲ್ಯವನ್ನು ಮುಚ್ಚಿಟ್ಟು ಅಂದಳು. "ಉಣ್ಣೂದು ಬಿಟ್ರ ಯಾರಿಗೂ ಬಾವಿ ಬರಂಗಿಲ್ಲ. ನಾಳಿ ಮುಂಜಾನಿ ಇದನ್ನ ಉಂಡು ಮುಗಿಸಬೇಕು ನೋಡು, ಕೆಡಿಸಿದ್ರ ನಾನು ಸುಮ್ಕಿರಂಗಿಲ್ಲ."

ಮೂರನೇ ಸಭೆ ಪುಷ್ಯ ಮಾಸದ ಒಂದು ಬುಧವಾರ. ಮಧ್ಯಾಹ್ನ ತಳವಾರ ಬಂದು ಹೇಳಿದ. "ಉಚ್ಚೆಂಗೆಪ್ಪ, ಡಂಗುರಕ್ಕ ಹೊಂಡಬೇಕಂತ. ಸಭಾ ಕೂಡೂ ಹೊತ್ತಾತು."

ಮಾವ ಗೂಟದ ಕಡೆ ಕೈ ಚಾಚಿದ. ಹಲಗೆ ಅಲ್ಲಿರಲಿಲ್ಲ. ಅತ್ತೆ ಅದನ್ನು ಆಗಲೇ ಇಳಿಸಿ ಹಿತ್ತಲಲ್ಲಿ ಹುಲ್ಲಿನ ಬೆಂಕಿಗೆ ಕಾಸುತ್ತಿದ್ದಳು. ಬೆರಳಿನಿಂದ ಬಡಿದು ನೋಡಿದಳು. ಆಮೇಲೆ ಎಂದಿನ ಹಾಗೆ ಗಂಡನ ಕೈಗೆ ಕೊಡಲಿಲ್ಲ. ತನ್ನ ಹೆಗಲಿಗೇ ಹಾಕಿಕೊಂಡಳು.

"ಏ, ಕೇಳಿಲ್ಲೆ. ಮುಖ ತೊಳಕೋ. ಧೋತರ ಉಟ್ಕೋ. ಚಾವಡಿಗೆ ಹೋಗು."

"ಮತ್ತ ಡಂಗುರ?"

"ನಾ ಹೋಗತೀನಿ."

"ಹುಚ್ಚು ಹಿಡೀತೇನು ನಿನಗ? ಹೆಂಗಸು ಹಲಗಿ ಬಡಿಯೂದು ಎಲ್ಲೆರ ಐತೇನು?"

"ಕಾಸಾಕ ಹೆಂಗಸು ಬೇಕು, ಬಡಿಯಾಕ ಬ್ಯಾಡೇನು? ಮೂವತ್ತು ವರ್ಷ ಕಾಸಿ ಕಾಸಿ ಇದರ ದನಿ ನಿನಗಿಂತ ನನಗ ಚೆಂದ ಗೊತ್ತೈತಿ. ನಡಿ ಹಂಪಿ, ಬರತೀಯೇನು?"

ಬರುವುದಿಲ್ಲ ಎನ್ನುವವರು ಯಾರು? ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಹೊರಟೆ.

ಮೊದಲ ಮೂಲೆ ಹನುಮಪ್ಪನ ಗುಡಿಯ ಹತ್ತಿರ. ಅತ್ತೆ ನಿಂತಳು. ಎರಡು ಪೆಟ್ಟು ತಪ್ಪಿದವು. ಮೂರನೆಯದು ಸರಿಯಾಗಿ ಬಿತ್ತು. ಆಮೇಲೆ ಕೈಗೆ ತಾನಾಗೇ ದಾರಿ ಸಿಕ್ಕಿತು. ಮನೆಮನೆಯಿಂದ ಜನ ಹೊರಗೆ ಬಂದರು. ಒಬ್ಬರು ನಕ್ಕರು, ಇನ್ನೊಬ್ಬರು "ಶಿವಶಿವಾ" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಕೇಳ್ರಪ್ಪೋ ಕೇಳ್ರೀ! ಇವತ್ತು, ಈಗ, ಚಾವಡಿಯಾಗ ಪಂಚಾಯ್ತಿ ಕೂಡತೈತ್ರಪ್ಪೋ! ಗೌಡ ಮರಿಬಸಪ್ಪನೋರು ಬರ್ರೀ! ಉಜ್ಜಿನಪ್ಪನೋರು ಬರ್ರೀ!"

ಆರು ಹೆಸರು ಆದವು. ಏಳನೆಯದಕ್ಕೆ ಅತ್ತೆಯ ಬಾಯಿ ತೆರೆದದ್ದು ಹಾಗೇ ನಿಂತಿತು. ನಾನು ಮೆಲ್ಲಗೆ ಅಂದೆ. "ಅತ್ತಿ, ಇನ್ನೊಬ್ರು ಅಂದುಬಿಡ್ರಿ. ಮಾವ ಹಂಗ ಅಂತಿದ್ದ."

ಅತ್ತೆ ನನ್ನ ಕಡೆ ತಿರುಗಿ ನೋಡಿದಳು. ಆ ಕಣ್ಣಲ್ಲಿ ನೀರಿತ್ತೋ ಬೆಂಕಿಯಿತ್ತೋ, ಎರಡೂ ಇದ್ದವೋ.

"ಆರು ಮಂದಿಗೆ ಹೆಸರೈತಿ. ನಮ್ಮವ ಇನ್ನೊಬ್ರೇನು?"

ಹಲಗೆಗೆ ಒಂದು ಪೆಟ್ಟು ಕೊಟ್ಟಳು. ಕಣ್ಣು ಮುಚ್ಚಿದಳು.

"ಉಚ್ಚೆಂಗೆಪ್ಪನೋರು ಬರ್ರೀ!"

ಮದುವೆಯಾಗಿ ಮೂವತ್ತು ವರ್ಷ ನಾಲಿಗೆಯ ತುದಿಗೂ ಬಾರದ ಹೆಸರು ಆ ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಹೆಸರಿನ ಹಿಂದೆ "ನೋರು" ಬೇರೆ. ನಮ್ಮ ಕೇರಿಯವರ ಹೆಸರಿಗೆ ಆ ಬಾಲ ಹತ್ತಿದ್ದನ್ನು ಮುಳ್ಳಹಾಳು ಅವತ್ತೇ ಮೊದಲು ಕೇಳಿದ್ದು. ಎರಡನೇ ಮೂಲೆಯಲ್ಲಿ ಅತ್ತೆ ಕಣ್ಣು ಮುಚ್ಚಲಿಲ್ಲ. ನಾಲ್ಕನೆಯದರಲ್ಲಿ ದನಿ ಎತ್ತರವಾಯಿತು. ಊರಬಾವಿಯ ಕಟ್ಟೆಯ ಹತ್ತಿರದ ಮೂಲೆಯಲ್ಲಂತೂ, ನೀರು ಸೇದುವವರೆಲ್ಲ ಹಗ್ಗ ಹಿಡಿದು ನಿಂತು ನೋಡುವಾಗ, ಬೇಕೆಂದೇ ಎರಡು ಸಲ ಕೂಗಿದಳು.

ಎಂಟನೇ ಮೂಲೆ ಚಾವಡಿಯ ಮುಂದೆ. ಬಂದು ನೋಡುತ್ತೇನೆ, ಮಾವ ತೊಳೆದ ಧೋತರ ಉಟ್ಟು ಬೇವಿನ ಬುಡದಲ್ಲೇ ನಿಂತಿದ್ದ. ಮೇಲೆ ಜಮಖಾನದ ಮೇಲೆ ಆರು ಮಂದಿ ಕುಳಿತಿದ್ದರು. ಬೀದಿಯ ಗಲಾಟೆಗೆ ಸಭೆ ತಡವಾಗಿತ್ತು, ಕರಣಮರು ಆಗಷ್ಟೇ ಹಾಜರಿ ಪುಸ್ತಕ ಬಿಚ್ಚಿದ್ದರು. ಮಾವ ಒಂದು ಕಾಲನ್ನು ಮೊದಲ ಮೆಟ್ಟಿಲ ಹತ್ತಿರ ತರುತ್ತಿದ್ದ, ಮತ್ತೆ ಹಿಂದಕ್ಕೆ ಇಡುತ್ತಿದ್ದ.

ಗೌಡರು ಅತ್ತೆಯ ಹೆಗಲಲ್ಲಿ ಹಲಗೆ ಕಂಡು ಎದ್ದೇ ಬಿಟ್ಟರು. "ಏ ಹನುಮಿ! ಏನಿದು? ಗಂಡಸ್ರು ಸತ್ತಾರೇನು ನಿಮ್ಮ ಮನ್ಯಾಗ?"

"ಇಲ್ರೀ ಧಣಿ, ನಮ್ಮ ಗಂಡಸ್ರಿಗೆ ಒಳಗ ಕೆಲಸ ಐತಿ. ಅದಕ್ಕ ನಾ ಬಂದೀನಿ," ಎಂದಳು ಅತ್ತೆ. ಹಲಗೆ ಎತ್ತಿದಳು. ಆರು ಹೆಸರು ಒಂದೊಂದಾಗಿ ಕೂಗಿದಳು. ಆಮೇಲೆ ಮಾವನ ಕಡೆ ಪೂರ್ತಿ ತಿರುಗಿ, ಅವನ ಮುಖವನ್ನೇ ನೋಡುತ್ತ ಕೂಗಿದಳು.

"ಉಚ್ಚೆಂಗೆಪ್ಪನೋರು ಬರ್ರೀ!"

ಮಾವ ಬೆಚ್ಚಿಬಿದ್ದ. ಹೆಂಡತಿಯ ಬಾಯಲ್ಲಿ ತನ್ನ ಹೆಸರು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಅವಳನ್ನು ನೋಡಿದ. ಹಲಗೆ ನೋಡಿದ. ಮೆಟ್ಟಿದ್ದ ಚಪ್ಪಲಿ ಬಿಟ್ಟ. ಒಂದು ಮೆಟ್ಟಿಲು. ಎರಡು. ಮೂರು. ಒಳಗೆ ನಿಂತು, ಮೂವತ್ತು ವರ್ಷ ಊರಿಗೆಲ್ಲ ಬೇರೆಯವರ ಮಾತು ಮುಟ್ಟಿಸಿದ ಆ ದನಿಯಲ್ಲಿ ಅಂದ.

"ಅದೀನ್ರೀ!"

ಕೇರಿಯ ತನಕ ಕೇಳಿತಂತೆ. ಗಾದೆಪ್ಪ ಆಮೇಲೆ ಹೇಳಿದ.

ಮುದುಕ ಉಜ್ಜಿನಪ್ಪ ಗಂಟಲು ಸರಿಮಾಡಿಕೊಂಡು, ಕುಳಿತಲ್ಲೇ ಒಂದು ಮೊಳ ಸರಿದ. "ನಿಂತು ಯಾಕ ಕೂಗತಿ? ಕುಂದ್ರು ಬಾ. ಕರಣಮರ, ಬರಕಳ್ರಿ ಮತ್ತ, ಕಣ್ಣಿಗೆ ಕಾಣಸ್ತಾನಲ್ಲ." ಕರಣಮರು ಗೌಡರ ಮುಖ ನೋಡಿದರು. ಗೌಡರು ಹೊರಗೆ ನೆರೆದ ಜನರನ್ನು ನೋಡಿದರು. ಪೆನ್ನು ಕಾಗದದ ಮೇಲೆ ಓಡಿತು. ಅವತ್ತೇ ಮಾವ ಬಾವಿ ಕೇಳಿದ. ಬಹಳ ಮಾತಲ್ಲ. "ನನ್ನ ಹೆಂಡ್ತಿ ದಿನಾ ಎರಡು ತಾಸು ಕೈಚಾಚಿ ನಿಂತಿರತಾಳ್ರಿ. ನಮ್ಮ ಕೇರಿಗೊಂದು ಬಾವಿ ಬೇಕ್ರಿ," ಅಷ್ಟೇ. ಉಜ್ಜಿನಪ್ಪ ಹೂಂ ಎಂದ, ಇನ್ನಿಬ್ಬರು ಹೂಂ ಎಂದರು, ನಾಲ್ಕನೆಯ ಹೂಂ ಮಾವನದೇ. ಕಾಗದ ಬಳ್ಳಾರಿಗೆ ಹೋಯಿತು. ಬಾವಿಯಲ್ಲಿ ನೀರು ಕಂಡದ್ದು ಎರಡು ವರ್ಷದ ಮೇಲೆ, ಅಷ್ಟರಲ್ಲಿ ಬಳ್ಳಾರಿಯೇ ಮೈಸೂರಿಗೆ ಸೇರಿತ್ತು. ಆದರೆ ಕಂಡಿತು.

ಇನ್ನು ಆಯದ ಮಾತು ಉಳಿದಿತ್ತು. ಮರುವಾರ ಗೌಡರ ಕಣದಲ್ಲಿ ರಾಶಿ ಆಯಿತು. ಬಡಿಗ, ಕಮ್ಮಾರ, ಅಗಸ ಎಲ್ಲರೂ ಮೊರ ಹಿಡಿದು ನಿಂತರು. ಅತ್ತೆಯೂ ನಿಂತಳು.

"ನಿಮಗ ಯಾತರದ ಆಯ?" ಎಂದರು ಗೌಡರು. "ಅವತ್ತ ಹೇಳೀನಿ. ಮೆಂಬರ್‌ಗಿರಿ, ಹಲಗಿ, ಎರಡೂ ಒಬ್ಬನಿಗೆ ಸಲ್ಲವು."

"ಖರೇ ಐತ್ರಿ ಧಣಿ. ಒಬ್ಬನಿಗೆ ಸಲ್ಲವು," ಎಂದಳು ಅತ್ತೆ. "ಅದಕ್ಕ ನಾವು ಇಬ್ರು ಹಂಚಿಕಂಡೀವಿ. ಮೆಂಬರ್‌ಗಿರಿ ಅವ್ರಿಗೆ, ಹಲಗಿ ನನಗ. ನಾ ಮೆಂಬರ್ರಿಗೆ ಕೇಳಾಕ ಬಂದಿಲ್ಲ. ಹಲಗಿ ಬಡಿದ ಕೈಗೆ ಕೇಳಾಕ ಬಂದೀನಿ."

ಕಮ್ಮಾರ ಕಿಸಕ್ಕೆಂದು ನಕ್ಕ. ಗೌಡರು ಬಾಯಿ ತೆರೆದರು. ಅಷ್ಟರಲ್ಲಿ ಚನ್ನಬಸಮ್ಮ ಎದ್ದು ಬಂದು, ಅತ್ತೆಯ ಮೊರವನ್ನು ತಾನೇ ಇಸಿದುಕೊಂಡು ರಾಶಿಗೆ ಹಾಕಿದಳು.

"ನಿನ್ನ ಮಾತಿಗೆ ನೀನ ಸಿಕ್ಕೊಂಡೀಯಪ್ಪಾ ಮರಿಬಸಪ್ಪ. ಬಿಡು ಈಗ. ಹಲಗಿ ಬಡಿದಾಕಿ ಆಯ ನಾವು ಇಟ್ಕಂಡ್ರ ಈ ಕಣಕ್ಕ ಒಳ್ಳೇದಲ್ಲ." ಮೊರ ತುಂಬಿ ಕಾಳು ಚೆಲ್ಲುತ್ತಿತ್ತು. ಮುದುಕಿ ಅದನ್ನು ಕೊಡುತ್ತ ಮೆಲ್ಲಗೆ ಕೇಳಿದಳು, ನನಗೆ ಕೇಳಿತು. "ಹೆಂಗ ತಗಂಡ್ಯವ್ವಾ ಗಂಡನ ಹೆಸರು? ನಾನು ಆತ ಮಣ್ಣಾಗಿ ಹದಿನೈದು ವರ್ಷಾದ್ರೂ ತಗಂಡಿಲ್ಲ."

ಅತ್ತೆ ಕಾಳನ್ನು ಸೆರಗಿಗೆ ಸುರಿದುಕೊಂಡು ಮನೆಯ ದಾರಿ ಹಿಡಿದಳು. ಗಂಡನ ಆಯುಷ್ಯದ ಹೆದರಿಕೆ ಅವಳೊಳಗೆ ವಾರದಿಂದ ಕುಳಿತಿತ್ತು. ಎಂಟು ಮೂಲೆ, ಒಂಬತ್ತು ಸಲ. ಮಾವ ಒಮ್ಮೆ ಕೆಮ್ಮಿದರೂ ಅವಳು ತಿರುಗಿ ನೋಡುತ್ತಿದ್ದಳು.

ಆ ಶನಿವಾರ ಮಾರೆಣ್ಣನೂ ಬಂದಿದ್ದ. ಹೊಸ ಜೋಳದ ರೊಟ್ಟಿ, ಬೆಳ್ಳುಳ್ಳಿ ಕಾರ. ಮಾವ ನಾಲ್ಕನೇ ರೊಟ್ಟಿಗೆ ಕೈ ಹಾಕಿದ. ಮುಖದ ತುಂಬ ತುಂಟತನ.

"ಏನವ್ವಾ ಹಂಪಕ್ಕ, ನಿಮ್ಮತ್ತಿ ಊರ ತುಂಬ ನನ್ನ ಹೆಸರು ಕೂಗಿದ್ಲಂತ. ನನ್ನ ಆಯುಷ್ಯ ಈಗ ಎಷ್ಟು ಉಳದೈತಿ ಕೇಳು ಆಕಿನ್ನ."

ನಾನು ನಕ್ಕೆ, ಮಾರೆಣ್ಣ ನಕ್ಕ. ಅತ್ತೆ ನಗಲಿಲ್ಲ. ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೂ ಇರಬಹುದು.

"ನಿನ್ನ ಹೆಸರು ಯಾರು ಕರದ್ರು? ಕೇರಿ ಮೆಂಬರ್ರ ಹೆಸರು ಕರದೀನಿ. ಮುಂದಿನ ತಿಂಗಳೂ ಕರಿತೀನಿ." ರೊಟ್ಟಿ ತಿರುವಿ ಹಾಕಿ, ಅವನ ತಟ್ಟೆಯ ಕಡೆ ನೋಡಿದಳು. "ಏ, ಕೇಳಿಲ್ಲೆ. ಇನ್ನೊಂದು ಹಾಕ್ಲೇನು?"